ಗೇರಿನಲ್ಲಿ ನಿಂತ ಗಾಡಿ

ಏಪ್ರಿಲ್ 11, ಶುಕ್ರವಾರ

ಮಾದೇವಿಯ ತೂಕ 52.4 ಕಿಲೋ. ನಿನ್ನೆ ಕುಡಿದ ನೀರು ಮುಕ್ಕಾಲು ಲೀಟರ್ ಅಂತೆ. ಸುಳ್ಳು. ಐಸ್ ತುಂಡು ಚೀಪಿದ್ದನ್ನು ನೀರು ಅಂತ ಒಪ್ಪುವವಳಲ್ಲ ನನ್ನ ಹೆಂಡತಿ.

ಎಂಟಕ್ಕೆ ರಬಕವಿ ಬಿಟ್ಟು ಒಂಬತ್ತಕ್ಕೆ ಜಮಖಂಡಿ. ಡಯಾಲಿಸಿಸ್ ನಾಲ್ಕು ತಾಸು. ಮೂರೂವರೆ ತಾಸು ಗಟ್ಟಿಯಾಗಿ ಮಲಗಿರುತ್ತಾಳೆ. ಕೊನೆಯ ಅರ್ಧ ತಾಸು ಕಷ್ಟ. ಬಿ.ಪಿ. ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಆಗ ನಾನು ಮೀನಖಂಡ ಒತ್ತಬೇಕು.

ಸರಿಯಾಗಿ ಅದೇ ಹೊತ್ತಿಗೆ ಗಾಡಿಯ ಎ.ಸಿ.ಯನ್ನೂ ಹಾಕಬೇಕು. ಪಿಕಪ್ಪನ್ನು ಆಸ್ಪತ್ರೆಯ ಗೇಟಿನೊಳಗೆ ಬಿಡುವುದಿಲ್ಲ. ರಸ್ತೆಯಾಚೆ, ಇಳಿಜಾರಿನಲ್ಲಿ, ಬೇವಿನ ಮರದ ಹತ್ತಿರ ನಿಲ್ಲಿಸುವುದು. ಮಧ್ಯಾಹ್ನದ ಹೊತ್ತಿಗೆ ನೆರಳು ಗಾಡಿಯನ್ನು ಬಿಟ್ಟು ಮುಂದೆ ಹೋಗಿ ಮಜ್ಜಿಗೆ ಮಾರುವ ಭಾಗವ್ವನ ಮೇಲೆ ಬಿದ್ದಿರುತ್ತದೆ. ಒಂದು ಗಂಟೆಗೆ ಬಾಗಿಲು ತೆಗೆದರೆ ಒಳಗೆ ರೊಟ್ಟಿ ಹಂಚು. ಮಂಗಳವಾರ ಹಾಗೇ ಕೂರಿಸಿಕೊಂಡು ಹೊರಟಿದ್ದಕ್ಕೆ ದಾರಿಯಲ್ಲಿ ಎಚ್ಚರ ತಪ್ಪಿದ್ದಳು.

ಅದಕ್ಕೇ ಇವತ್ತು ಹತ್ತು ನಿಮಿಷ ಮೊದಲು ಎದ್ದು ಹೋದೆ. ಎ.ಸಿ. ಹಾಕಿ ಓಡುತ್ತ ಬಂದೆ. ಅಷ್ಟರಲ್ಲಿ ಶೈಲಾ ಸಿಸ್ಟರ್ ಹಾಸಿಗೆಯ ಕಾಲ ಕಡೆ ಎತ್ತರಿಸಿದ್ದರು.

"ಎಲ್ಲಿ ಹೋಗಿದ್ರಿ ಹೊಳೆಪ್ಪಣ್ಣಾರ? ನಿಮ್ಮನ್ನ ಕರದ ಕರದ ಸಾಕಾತು ಅಕ್ಕಾರಿಗೆ."

ಮಾದೇವಿ ನನ್ನನ್ನು ನೋಡಿದಳು ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 12

ರೊಟ್ಟಿ ಬಡಿಯುತ್ತ ಹೇಳಿದಳು, ತಲೆ ಎತ್ತದೆ —

"ಮಳಿ ಬೀಳೂತನಾ ನಾ ಬರಂಗಿಲ್ರಿ. ಸೂಜಿ ತಡಕೋತೇನಿ. ನೀವು ಬಾಜೂಕ ಇರಬೇಕಂದ್ರ ಗಾಡ್ಯಾಗ ಬೆಂಕಿ, ಅದನ್ನ ತಡಕೊಳ್ಳಾಕ ಆಗೂದಿಲ್ಲ."

"ಹುಚ್ಚಿ ಅದಿ ಏನ? ಎರಡ ಸಲ ತಪ್ಪಿದ್ರ ಏನಾಕ್ಕೈತಿ ಅಂತ ಗೊತ್ತೈತಿಲ್ಲ?"

"ಗೊತ್ತೈತಿ."

ಅಷ್ಟೇ. ರೊಟ್ಟಿ ತಿರುವಿ ಹಾಕಿದಳು. ನನಗೆ ಊಟ ಇಳಿಯಲಿಲ್ಲ.

ಸಂಜೆ ಬನಹಟ್ಟಿಯಲ್ಲಿ ನೂಲಿನ ಮೂಟೆ ಇಳಿಸುವಾಗ ನೋಡಿದೆ. ಸೀರೆ ವ್ಯಾಪಾರಿಯೊಬ್ಬರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೈಯಲ್ಲಿದ್ದ ಗುಂಡಿ ಒತ್ತಿದರು. ರಸ್ತೆಯಲ್ಲಿದ್ದ ಕಾರು ತಾನೇ ಚಾಲೂ ಆಯಿತು. ಒಳಗೆ ಯಾರೂ ಇಲ್ಲ! ಮೂಟೆ ಹೆಗಲ ಮೇಲೆಯೇ ಇತ್ತು, ಹಾಗೇ ನಿಂತುಬಿಟ್ಟೆ.

ಏಪ್ರಿಲ್ 14, ಸೋಮವಾರ

ಜಮಖಂಡಿಗೆ ಹೋಗಿದ್ದೆ. ಗಾಡಿ ವೈರಿಂಗ್ ಮಾಡುವ ಪ್ರೇಮಕುಮಾರನ ಅಂಗಡಿ. ಮೂವತ್ತರ ಹುಡುಗ, ಮಾತು ಕಡಿಮೆ, ಕೈ ಛಲೋ. ರಿಮೋಟ್ ಸ್ಟಾರ್ಟ್ ಅಂದ ಕೂಡಲೆ ಮೂರು ಡಬ್ಬಿ ತೆಗೆದಿಟ್ಟ.

ಮೊದಲನೆಯದು ಮೊಬೈಲಿನಿಂದ ನಡೆಯುವುದು. ರಬಕವಿಯಲ್ಲಿ ಕುಳಿತು ಮುಧೋಳದಲ್ಲಿರುವ ಗಾಡಿ ಚಾಲೂ ಮಾಡಬಹುದಂತೆ. ಆದರೆ ಡಯಾಲಿಸಿಸ್ ಕೋಣೆಯಲ್ಲಿ ಟವರೇ ಸಿಗುವುದಿಲ್ಲ. ಬೇಡ.

ಎರಡನೆಯದು ಬರೀ ಗುಂಡಿ. ಅಗ್ಗ. ಒತ್ತಿದ ಮೇಲೆ ಚಾಲೂ ಆಯಿತೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಕಿಟಕಿಯಿಂದ ಗಾಡಿ ಕಾಣುವುದಿಲ್ಲ. ಅದೂ ಬೇಡ.

ಮೂರನೆಯದು ತಿರುಗಿ ಉತ್ತರ ಕೊಡುತ್ತದೆ. ಚಾಲೂ ಆದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಒಮ್ಮೆಗೆ ಆಗದಿದ್ದರೆ ತಾನೇ ಮೂರು ಸಲ ಪ್ರಯತ್ನ ಮಾಡುತ್ತದೆ. ಇದಪ್ಪಾ ಅಂದೆ.

ಪ್ರೇಮಕುಮಾರ ತಲೆ ತುರಿಸಿಕೊಂಡ. "ಕಾಕಾ, ನಿಮ್ಮದು ಕೈಗೇರಿನ ಗಾಡಿ. ಗೇರಿನ್ಯಾಗ ಇದ್ದಾಗ ಇದನ್ನ ಒತ್ತಿದ್ರಿ ಅಂದ್ರ ಗಾಡಿ ಹೊಂಟ ಬಿಡತೈತಿ. ಗೇರ್ ಬಾಕ್ಸಿಗೆ ಒಂದ ನ್ಯೂಟ್ರಲ್ ಸ್ವಿಚ್ ಹಚ್ಚತೇನಿ. ಗೇರಿನ್ಯಾಗ ಇದ್ರ ಚಾಲೂನ ಆಗೂದಿಲ್ಲ. ಎರಡ ದಿನ ಗಾಡಿ ಬಿಡ್ರಿ."

"ಎರಡ ದಿನಾ? ನಾಳಿ ಆಸ್ಪತ್ರಿ ಐತಿ. ಬುಧವಾರ ಮಗ್ಗದ ಬೀಮ್ ಒಯ್ಯೂದೈತಿ."

"ಹಂಗಾದ್ರ ಮುಂದಿನ ವಾರ..."

"ಏ ತಮ್ಮಾ, ಮೂವತ್ತ ವರ್ಷ ಆತು ನಾ ಸ್ಟೇರಿಂಗ್ ಹಿಡದು. ನ್ಯೂಟ್ರಲ್ ಮಾಡೂದ ಮರೀತೇನೇನ?"

ಹಂಗಾದ್ರ ಗುರುವಾರ ಬರ್ರಿ ಅಂದ. ದೊಡ್ಡವರ ಜೊತೆ ವಾದ ಮಾಡುವವನಲ್ಲ. ಮಾಡಬೇಕಿತ್ತು ಅಂತ ಆಗ ನನಗೆ ಅನ್ನಿಸಲಿಲ್ಲ.

ಏಪ್ರಿಲ್ 15, ಮಂಗಳವಾರ

ಮಾದೇವಿಯನ್ನು ಕಾಡಿ ಬೇಡಿ ಕರೆದುಕೊಂಡು ಹೋದೆ. ಇನ್ನೊಂದೇ ಸಲ ತಡೆದುಕೋ, ಶುಕ್ರವಾರದಿಂದ ನೋಡು ಅಂದೆ. ಹಣೆ ಮೇಲೆ ಒದ್ದೆ ಅರಿವೆ ಹಾಕಿಕೊಂಡು ಬಂದಳು.

ಏಪ್ರಿಲ್ 17, ಗುರುವಾರ

ರಿಮೋಟು ಹಾಕಿಸಿದೆ, ಸ್ವಿಚ್ ಇಲ್ಲದೆ. ನಾಲ್ಕು ತಾಸಿನ ಕೆಲಸ. ಪ್ರೇಮಕುಮಾರ ಮೂರು ಸಲ ಹೇಳಿದ — ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಗಾಲಿಗೆ ಕಲ್ಲು. ಹ್ಯಾಂಡ್ ಬ್ರೇಕ್ ಹೆಸರಿಗಷ್ಟೇ ಇದೆ. ಕಲ್ಲೇ ದೇವರು.

ಕಲ್ಲು ಅಂದರೆ ಮಾದೇವಿಯ ಕೆಲಸ. ಇಬ್ಬರೂ ಹಳೆಯ ಗಾಡಿಯಲ್ಲಿ ಸೀರೆ ತುಂಬಿಕೊಂಡು ಮುಧೋಳ, ಬೀಳಗಿ ಸಂತೆಗೆ ಹೋಗುತ್ತಿದ್ದ ಹನ್ನೆರಡು ವರ್ಷ, ನಾನು ನಿಲ್ಲಿಸುವುದಕ್ಕೂ ಅವಳು ಕಲ್ಲು ಹಿಡಿದು ಹಾರುವುದಕ್ಕೂ ಸರಿಹೋಗುತ್ತಿತ್ತು. ಕೆಳಗಿನಿಂದ ಕೇಳುತ್ತಿದ್ದಳು, "ಗೇರ್?" ನಾನು, "ಹಾಕೀನಿ." ಆಮೇಲೆ ನಾನು, "ಕಲ್ಲ?" ಅವಳು, "ಇಟ್ಟೀನಿ." ಇಷ್ಟಾದ ಮೇಲೆಯೇ ಗಂಟು ಬಿಚ್ಚುವುದು. ಈಗ ಎಡಗೈಗೆ ಡಯಾಲಿಸಿಸ್ ಆಪರೇಷನ್ ಆಗಿದೆ, ಭಾರ ಎತ್ತುವ ಹಾಗಿಲ್ಲ. ಕಲ್ಲು ನಾನೇ ಇಡುತ್ತೇನೆ. ಕೇಳುವವರಿಲ್ಲ.

ಏಪ್ರಿಲ್ 18, ಶುಕ್ರವಾರ

ಹಸಿರು ದೀಪ!

ಹನ್ನೆರಡೂ ಐವತ್ತಕ್ಕೆ ಒತ್ತಿದೆ. ಎಡಗೈಯಲ್ಲಿ ರಿಮೋಟು, ಬಲಗೈ ಮಾದೇವಿಯ ಕಾಲ ಮೇಲೆ. ಗಾಡಿಯ ಬಾಗಿಲು ತೆಗೆದಾಗ ತಣ್ಣಗಿನ ಗಾಳಿ ಮುಖಕ್ಕೆ ಹೊಡೆಯಿತು. ಮಾದೇವಿ ಕೂತಳು, ಕಣ್ಣು ಮುಚ್ಚಿದಳು.

"ಯಾರ ಗಾಡಿರೀ ಇದು?" ಅಂದಳು.

ಈ ಗಾಡಿ ತಗೊಂಡು ಆರು ವರ್ಷ. ಡೀಸೆಲ್ ತಿನ್ನುತ್ತದೆ ಅಂತ ಈ ತಿಂಗಳ ತನಕ ಎ.ಸಿ. ಮುಟ್ಟಲು ಬಿಟ್ಟಿರಲಿಲ್ಲ ನಾನು. ನೆನೆದರೆ ನಾಚಿಕೆಯಾಗುತ್ತದೆ.

ಏಪ್ರಿಲ್ 25, ಶುಕ್ರವಾರ

ಮೂರನೆಯ ಸಲ. ಹಸಿರು. ಭಾಗವ್ವ ಪ್ರತಿ ಸಲವೂ ಕೇಳುತ್ತಾಳೆ, "ತಮ್ಮಾ, ಯಾರೂ ಇಲ್ದ ಅದೆಂಗ ಗುರುಗುಡತೈತೋ?" ವೈದ್ಯರು ಬಿಟ್ಟಿರುವುದು ಒಂದೇ ಗುಟುಕು ಅಂತ ಗೊತ್ತಿದ್ದರೂ ಮಾದೇವಿಗೆ ಮಜ್ಜಿಗೆಯ ಲೋಟ ತುಂಬಿಸಿಯೇ ಕೊಡುತ್ತಾಳೆ. ಉಳಿದದ್ದು ನನ್ನ ಪಾಲು. ಇಂಗು ಒಗ್ಗರಣೆ ಜೋರು.

ಮಾದೇವಿ ಬರುವುದಿಲ್ಲ ಎನ್ನುವ ಮಾತು ಬಿಟ್ಟಿದ್ದಾಳೆ. ಯುದ್ಧ ಗೆದ್ದ ಹಾಗಿದೆ ನನಗೆ.

ಮೇ 2, ಶುಕ್ರವಾರ

ಕಿವಿಯಲ್ಲಿ ಚೀರಾಟ ಇನ್ನೂ ನಿಂತಿಲ್ಲ. ಬರೆದರೆ ನಿಂತೀತು ಅಂತ ಬರೆಯುತ್ತಿದ್ದೇನೆ.

ಗಾಡಿಯ ಹಿಂದೆ ನೂಲು ಸುತ್ತಿದ ಆರು ಬೀಮು ಇದ್ದವು. ಆಸ್ಪತ್ರೆ ಮುಗಿಸಿ ಹಾಗೇ ಇಳಿಸಿ ಹೋದರಾಯಿತು ಅಂತ ತುಂಬಿಕೊಂಡು ಬಂದಿದ್ದೆ. ತುಂಬಿದ ಗಾಡಿ ಇಳಿಜಾರಿನಲ್ಲಿ ನಿಂತರೆ ಕೈ ತಾನಾಗಿಯೇ ಫಸ್ಟ್ ಗೇರಿಗೆ ಹೋಗುತ್ತದೆ. ಮೂವತ್ತು ವರ್ಷದ ಕೈ. ಹೋಯಿತು. ಕಲ್ಲಿಟ್ಟೆ. ಚಾವಿ ತೆಗೆದೆ.

ಹನ್ನೆರಡೂ ಐವತ್ತು. ಒತ್ತಿದೆ. ದೀಪ ಬರಲಿಲ್ಲ. ಮೂರು ಸಲ ತಾನೇ ನೋಡುತ್ತದಲ್ಲ, ನೋಡಲಿ ಅಂತ ಕಾಲು ಒತ್ತುತ್ತ ಕೂತೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಕೆಂಪು ದೀಪ. ಅದರ ಹಿಂದೆಯೇ ರಸ್ತೆಯಿಂದ ಚೀರಾಟ.

ಓಡಿದೆ. ಗಾಡಿ ನನ್ನ ಕಲ್ಲನ್ನು ದಾಟಿತ್ತು. ಮುಂದಿನ ಗಾಲಿ ಭಾಗವ್ವ ಕೂರುವ ಗೋಣಿಚೀಲದ ಮೇಲೆ. ಗಡಿಗೆ ಚೂರು ಚೂರು. ರಸ್ತೆಯ ತುಂಬ ಮಜ್ಜಿಗೆ. ಭಾಗವ್ವ ಕಾಣಲಿಲ್ಲ. ಆ ಹೊತ್ತು ನನಗೆ ಏನಾಯಿತೆಂದು ಬರೆಯಲಾರೆ.

ಮರದ ಹಿಂದೆ ಕೂತಿದ್ದಳು. ಮೊಣಕಾಲು ತರಚಿತ್ತು.

"ಮೊದಲನೇ ಸಲ ಜಿಗೀತು, ನಾ ಎದ್ದೆ. ಎರಡನೇ ಸಲ ಕಲ್ಲ ಹತ್ತಿತು. ಗಡಗಿ ಉರುಳಬಾರದಂತ ಹಚ್ಚಿ ಇಟ್ಟ ಕಲ್ಲ ಕಿತ್ತ ಗಾಲಿಗಿ ಒಗದ ಓಡಿದ್ನೆಪ್ಪಾ. ಮೂರನೇ ಸಲ ಅಲ್ಲೇ ತಡೀತು."

ನಾನು ಅವಳ ಕಾಲು ಹಿಡಿದುಕೊಂಡೆ.

"ಏಳೋ ತಮ್ಮಾ. ಮೊದಲ ಅಕಿ ಹಂತ್ಯಾಕ ಹೋಗು. ಅಲ್ಲಿ ಒಬ್ಬಾಕೀನ ಬಿಟ್ಟ ಬಂದಿಯಲ್ಲ?"

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನ ಹುಟ್ಟುಗುಣದಿಂದ ಒಂದು ಮುದುಕಿಯ ಜೀವ ಹೋಗುತ್ತಿತ್ತು. ಸ್ವಿಚ್ಚಿಗೆ ಎರಡು ದಿನ ಬೇಕು ಅಂತ ಆ ಹುಡುಗ ಹೇಳಿದ್ದ. ಹೇಳಿದ್ದ.

ಮಾದೇವಿಗೆ ಮುಚ್ಚಿಡಲಿಲ್ಲ. ಮುಚ್ಚಿಡುವುದಾದರೂ ಹೇಗೆ, ಅವಳು ಕೂರುವ ಬಾಗಿಲ ಕೆಳಗೇ ಮಜ್ಜಿಗೆ ಹರಿದಿತ್ತು. ಮನೆ ಮುಂದೆ ಇಳಿಯುವಾಗ ಅಂದಳು,

"ನನ್ನ ತಂಪಿನ ಸಲುವಾಗಿ ಇನ್ನೊಬ್ಬಾಕಿ ಗಾಲಿ ಕೆಳಗ ಹೋಗೂದ ಬ್ಯಾಡ್ರಿ. ಸಾಕು."

ಮೇ 7, ಬುಧವಾರ

ನಿನ್ನೆ ಹೋಗಲಿಲ್ಲ.

ರಿಮೋಟು ಕಪಾಟಿನಲ್ಲಿದೆ. ಬಾಡಿಗೆ ಕಾರು ತರುತ್ತೇನೆ ಅಂದೆ, ವಾರಕ್ಕೆ ಎರಡು ಸಲ ಬಾಡಿಗೆ ಎಲ್ಲಿಂದ, ಬೇಡ. ಕಾಲಿಗೆ ಬಿದ್ದೆ, ಖರೆಯಾಗಿಯೂ ಬಿದ್ದೆ, ಬೇಡ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಇವತ್ತು ಪಾದ ಬಾತಿದೆ. ಒತ್ತಿದರೆ ಬೆರಳಿನ ಗುಂಡಿ ಹಾಗೇ ಉಳಿಯುತ್ತದೆ. ಸಂಜೆಯಿಂದ ಮಲಗಲು ಆಗುತ್ತಿಲ್ಲ, ದಿಂಬಿಗೆ ಒರಗಿ ಕೂತು ಉಸಿರಾಡುತ್ತಾಳೆ. ನನಗೆ ಭಯ. ಬರೀ ಭಯ. ಇವಳಿಲ್ಲದೆ ನಾನು ಯಾವ ಸಂತೆಗೆ ಹೋಗಲಿ?

ಮೇ 8, ಗುರುವಾರ

ಬೆಳಗ್ಗೆ ಐದಕ್ಕೆ ಅವಳೇ ಅಂದಳು, "ಆಗವಲ್ತು. ನಡೀರಿ." ಎತ್ತಿ ಗಾಡಿಯಲ್ಲಿ ಕೂರಿಸಿದೆ. ಶೈಲಾ ಸಿಸ್ಟರ್ ಬೈಯುತ್ತಲೇ ಮೊದಲ ಪಾಳಿಯಲ್ಲಿ ಹಾಸಿಗೆ ಕೊಟ್ಟರು. ಹತ್ತರ ಹೊತ್ತಿಗೆ ಏದುಸಿರು ಇಳಿಯಿತು. ಹೊರಗೆ ಹೋಗಿ ಅತ್ತುಬಂದೆ.

ಹೊರಡುವಾಗ ಭಾಗವ್ವ ಹೊಸ ಗಡಿಗೆಯ ಮುಂದೆ ಕೂತಿದ್ದಳು. ಅದೇ ಜಾಗ. ನಾನು ಕೊಡಿಸುತ್ತೇನೆ ಅನ್ನುವುದರೊಳಗೆ ತಾನೇ ತಂದುಬಿಟ್ಟಿದ್ದಳು. ಮಾದೇವಿ ಅವಳ ಕೈ ಹಿಡಿದು ಅಳತೊಡಗಿದಳು. ತಾನಿನ್ನು ಈ ಗಾಡಿ ಹತ್ತುವುದಿಲ್ಲ ಅಂದಳು. ಭಾಗವ್ವನಿಗೆ ಸಿಟ್ಟು ಬಂತು.

"ಗಡಗಿ ಒಡದದ್ದ ನಂದು. ನಾ ಮಜ್ಜಗಿ ಮಾರೂದ ಬಿಟ್ನೇನಬೇ? ನೀ ಯಾಕ ಜೀವಾ ಬಿಡ್ತಿ? ಇವಂಗ ನೆಪ್ಪ ಉಳ್ಯಾಂಗಿಲ್ಲ, ನೀ ಕೇಳು. ಮೊದಲ ಕೇಳ್ತಿದ್ದಿಲ್ಲೇನ?"

ಮಾದೇವಿ ನನ್ನ ಕಡೆ ನೋಡಿದಳು. ಸಂತೆಯ ಆ ಗೇರು, ಕಲ್ಲಿನ ಮಾತು ಭಾಗವ್ವನಿಗೆ ಯಾವಾಗ ಹೇಳಿದ್ದಳೋ.

ಮೇ 10, ಶನಿವಾರ

ಎರಡು ದಿನ ಗಾಡಿ ಬಿಟ್ಟೆ. ಬೀಮು ಕಾಯಲಿ. ಪ್ರೇಮಕುಮಾರ ಸ್ವಿಚ್ ಹಾಕಿದ. ನನ್ನೆದುರೇ ಗೇರಿಗೆ ಹಾಕಿ ರಿಮೋಟು ಒತ್ತಿದ. ಕೆಂಪು. ಗಾಡಿ ಮಿಸುಕಲಿಲ್ಲ. ಹತ್ತು ಸಲ ಮಾಡಿಸಿದೆ.

"ಅವತ್ತ ನಾನೂ ಗಟ್ಟಿ ಆಗಿ ಹೇಳಬೇಕಿತ್ತ ಕಾಕಾ," ಅಂದ.

"ಇಲ್ಲಪಾ. ಜಾಣಗ ಮಾತಿನ ಪೆಟ್ಟು, ಕ್ವಾಣಗ ಲತ್ತಿ ಪೆಟ್ಟು. ನಾ ಎರಡನೇದವ."

ಮೇ 13, ಮಂಗಳವಾರ, ಬೆಳಗ್ಗೆ 9.10

ಬಂದಿದ್ದಾಳೆ. ಭಾಗವ್ವನ ಬೈಗುಳ ಕೆಲಸ ಮಾಡಿದೆ.

ಬೇವಿನ ಮರದಿಂದ ದೂರ, ಗಾಡಿಯ ಮೂತಿ ಗೋಡೆಯ ಕಡೆ ಮಾಡಿ ನಿಲ್ಲಿಸಿದೆ. ಇಳಿಯಲಿಲ್ಲ ಮಾದೇವಿ. ಕೂತಲ್ಲೇ ಬಲಗೈ ಚಾಚಿ ಗೇರ್ ರಾಡು ಹಿಡಿದು ಎಡಕ್ಕೂ ಬಲಕ್ಕೂ ಆಡಿಸಿದಳು. ಸಡಿಲಾಗಿ ಆಡಿತು. ಆಮೇಲೆ ಕೇಳಿದಳು, ಸಂತೆಯಲ್ಲಿ ಕೇಳುತ್ತಿದ್ದ ದನಿಯಲ್ಲಿ —

"ಗೇರ್?"

"ತಗದೀನಿ."

"ಕಲ್ಲ?"

ಇಳಿದು ಹೋಗಿ ಇಟ್ಟೆ. ಒಂದಲ್ಲ, ಎರಡು. "ಇಟ್ಟೀನಿ" ಎಂದು ಕೂಗಿದೆ.

12.35

ಡೈರಿ ಹಾಸಿಗೆಯ ಅಂಚಿಗಿಟ್ಟು ಬರೆಯುತ್ತಿದ್ದೇನೆ. ರಿಮೋಟು ನನ್ನ ಹತ್ತಿರ ಇಲ್ಲ. "ಇತ್ತ ಕೊಡ್ರಿ, ಅದು ನನ್ನ ಕೆಲಸ," ಅಂತ ಇಸಿದುಕೊಂಡು ಬಲ ಮುಷ್ಟಿಯಲ್ಲಿ ಹಿಡಿದಿದ್ದಾಳೆ. ಗಡಿಯಾರ ನೋಡುತ್ತಿದ್ದಾಳೆ. ಐವತ್ತಕ್ಕೆ ಒಂದು ನಿಮಿಷ ಮೊದಲೂ ಒತ್ತುವುದಿಲ್ಲವಂತೆ, ಡೀಸೆಲ್ ದಂಡವಂತೆ! ಯಾರ ಮಾತು ಯಾರ ಬಾಯಲ್ಲಿ.

12.50

ಒತ್ತಿದಳು. ಇಬ್ಬರೂ ಉಸಿರು ಹಿಡಿದೆವು. ಹಸಿರು. ಭಾಗವ್ವನ ದನಿ ಕೇಳುತ್ತದೋ ಅಂತ ಕಿಟಕಿಗೆ ಕಿವಿ ಕೊಟ್ಟೆ. "ತಂಪ ಮಜ್ಜಗೀ..." ಅಂತ ಎಂದಿನ ಹಾಗೆ ಕೂಗುತ್ತಿದ್ದಾಳೆ.

ಮಾದೇವಿಯ ಕಾಲಿನ ಹೆಬ್ಬೆರಳು ಮಡಚುತ್ತಿದೆ. ಕಾಲು ಹಿಡಿದುಕೊಳ್ಳತೊಡಗಿತು. "ಬರ್ಯೂದ ಸಾಕ್ರಿ," ಅನ್ನುತ್ತಿದ್ದಾಳೆ. ಒಂದು ಕೈಯಿಂದ ಒತ್ತಿದರೆ ಆಗುವುದಿಲ್ಲ, ಎರಡೂ ಕೈ —