ಸತ್ತಿಲ್ರಿ, ಸುಮ್ಮನಾಗ್ಯಾವ

ಧಾರವಾಡ
೧೨ ಡಿಸೆಂಬರ್ ೧೯೬೩

ಪ್ರೀತಿಯ ತಂಗಿ ಡೋರಾ,

ನಿನ್ನ ಎರಡೂ ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಮೂರು ಸಲ ಸಾಬೂನು ಹಚ್ಚಿದರೂ ಕೈಯಿಂದ ಆಡಿನ ಕೊಬ್ಬಿನ ನಾತ ಹೋಗುವುದಿಲ್ಲ. ಈ ಕೈಯಲ್ಲಿ ಪೆನ್ನು ಹಿಡಿಯಲು ಹೇಸಿಗೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದೇನು ಮಾಡುತ್ತೀ ಎಂದು ಕೇಳಿದ್ದಿ. ಆಡಿನ ಮೂತ್ರಪಿಂಡದ ಹತ್ತಿರ ಅವರೆಕಾಳಿನಷ್ಟು ಅಡ್ರಿನಲ್ ಗ್ರಂಥಿ ಇರುತ್ತದೆ, ವಾರ್ಡಿನಲ್ಲಿ ಎಲ್ಲರಿಂದ 'ನರ್ಸಬಾಯಾರ' ಅನ್ನಿಸಿಕೊಳ್ಳುವ ನಿನಗೆ ಗೊತ್ತೇ ಇದೆ. ಹುಬ್ಬಳ್ಳಿಯ ಕಸಾಯಿಖಾನೆಯಲ್ಲಿ ಅಪ್ಪ ಅವನ್ನು ಬಿಡಿಸಿ, ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತರುತ್ತಾನೆ. ನಾನು ತೆಳ್ಳಗೆ ಕೊಯ್ದು ಗಾಜಿನ ನಳಿಕೆಗಳಿಗೆ ಹಾಕುತ್ತೇನೆ. ಮೈಬಿಸಿಯಷ್ಟು ಬೆಚ್ಚಗಿಟ್ಟರೆ ಹಾರ್ಮೋನು ಬರುತ್ತದೆ. ಐಸುನೀರಿನಲ್ಲಿಟ್ಟರೆ ಬರುವುದೇ ಇಲ್ಲ ಎನ್ನಬೇಕು.

"ಥಂಡಿಗೆ ಜೀವಕೋಶ ಸತ್ತಾವ. ಹಂಗ ಬರದು ಸಹಿ ಮಾಡು" ಎಂದರು ನಮ್ಮ ಪ್ರೊಫೆಸರ್ ಯಜ್ಞೇಶ್ವರ. ಅವರಿಗೆ ಪುಣೆಯ ಸಭೆಗೆ ಲೇಖನ ಕಳಿಸುವ ಅವಸರ. ನಾನು ಅದೇ ತಣ್ಣನೆಯ ನಳಿಕೆಗಳನ್ನು ಬೆಚ್ಚನೆಯ ನೀರಿನಲ್ಲಿಟ್ಟೆ. ಎರಡು ತಾಸಿಗೆ ಹಾರ್ಮೋನು ಮತ್ತೆ ಬಂತು! "ಸತ್ತಿಲ್ರಿ ಸರ್, ಸುಮ್ಮನಾಗ್ಯಾವ ಅಷ್ಟ" ಎಂದೆ. ಅವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಎಲ್ಲವನ್ನೂ ನನ್ನಿಂದಲೇ ಮೋರಿಗೆ ಸುರಿಸಿದರು. ಇವತ್ತಿನವರೆಗೆ ಒಂದು ಗ್ರಂಥಿಯನ್ನೂ ಬೆರಳಿನಿಂದ ಮುಟ್ಟಿದ ಮನುಷ್ಯನಲ್ಲ. "ನಿಮ್ಮ ಮಂದಿಗೆ ಈ ಕೆಲಸ ರೂಢಿ ಇರ್ತದ" ಅಂತ ನಗು ಬೇರೆ. ಥೂ! ಆ ನಗುವಿಗಿಂತ ಆಡಿನ ಕೊಬ್ಬೇ ವಾಸಿ ಅನ್ನಿಸಿತು.

ನಾನು ಸಹಿ ಮಾಡಲಿಲ್ಲ. ಸುಳ್ಳಿಗೆ ನನ್ನ ಹೆಸರು ಹಾಕುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಕೆಲಸ ಹೋದರೂ ಹೋಗಬಹುದು.

ಥಂಡಿ ಜೋರಿದೆ, ರಾತ್ರಿ ಪಾಳಿಗೆ ಸ್ವೆಟರ್ ಮರೆಯಬೇಡ. ಕರ್ತನು ನಿನ್ನ ವಾರ್ಡಿನ ಬಾಗಿಲಲ್ಲಿ ಕಾವಲಿರಲಿ.

ನಿನ್ನ ಅಕ್ಕ,
ಆಲಿಸ್

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಸಹಿ ಕೇಳುವ ಮೂರು ವಾರ ಮೊದಲು ಸರ್ ಕೇಳಿದ್ದರು, "ಆ ಡಬ್ಬಿ ತರೋ ಮುದುಕ ನಿನಗೇನಾಗಬೇಕು?" "ಯಾರೂ ಅಲ್ರಿ, ಕಸಾಯಿಖಾನಿ ಆಳು" ಅಂದೆ. ಅಪ್ಪ ಬಾಗಿಲ ಹೊರಗೇ ನಿಂತಿದ್ದ, ಡೋರಾ. ಅಂದಿನಿಂದ ಗೋಪನಕೊಪ್ಪದ ಅಪ್ಪನ ಮನೆಗೆ ಹೋಗಲು ನನಗೆ ಮುಖವಿಲ್ಲ. ಅವನೂ ಒಳಗೆ ಬರುವುದಿಲ್ಲ. ಕಾಲೇಜಿನ ಗೇಟಿನಲ್ಲೇ ನಿಂತು ಡಬ್ಬಿ ಚಾಚುತ್ತಾನೆ, ನನ್ನ ಮುಖ ನೋಡದೆ ಹೇಳುತ್ತಾನೆ, "ತಗೋರಿ, ಬಾಯಾರ."