ಪರವಾಗಿಲ್ಲ

ಜೂನ್ 10, ಸೋಮವಾರ

ಇವತ್ತೂ ವೀರಪಾಂಡಿ ಪಿರಿವಿನಲ್ಲೇ, ರಸ್ತೆ ಕವಲೊಡೆಯುವಲ್ಲೇ, ಬಸ್ಸಿಳಿದೆ. ಕಂಪನಿ ಇನ್ನೂ ದೂರ. ಎದೆ ಬಡಿತ, ಬೆರಳ ತುದಿಯಲ್ಲಿ ಜುಮ್ಮು, ಬಸ್ಸಿನ ಗೋಡೆ ಹತ್ತಿರ ಬರುತ್ತಿರುವ ಹಾಗೆ... ಜೊತೆ ಕೆಲಸದ ಇಲಕ್ಕಿಯಾ ಕಿಟಕಿಯಿಂದ ಕೂಗಿದಳು, "ಏಯ್ ಮಾಧವಿ, ಫ್ರೀ ಬಸ್ ಬಿಟ್ಟು ನಡೆಯೋ ಒಬ್ಬಳೇ ಪೊಣ್ಣು ನೀನೇ ಡೀ!" ಬಸ್ಸೆಲ್ಲ ನಕ್ಕಿತು. ಬಿಸಿಲಲ್ಲಿ ನಡೆದೆ.

ಮಧ್ಯಾಹ್ನ ಊಟ ಬಿಟ್ಟು ಕೃಷ್ಣಸಾಮಿ ಮಾಸ್ಟರ್ ಟೇಬಲ್ ಹತ್ತಿರ ನಿಂತೆ. ಬನಿಯನ್ನಿನ ಒಂದೊಂದು ಭಾಗವನ್ನೂ ಮೊದಲು ರಟ್ಟಿನಲ್ಲಿ ಕತ್ತರಿಸುವವರು ಅವರು. ರಟ್ಟು ತಪ್ಪಿದರೆ ಇಡೀ ಆರ್ಡರ್ ತಪ್ಪು. ನಾನು ಚೆಕಿಂಗ್‌ನವಳು, ಅಲ್ಲಿ ನನಗೇನೂ ಕೆಲಸವಿಲ್ಲ. ಆದರೂ ಮೊನ್ನೆ ಕತ್ತಿನ ಇಳಿತ ಜಾಸ್ತಿಯಾಯಿತು ಎಂದು ಜಗಳವಾಡಿದ್ದೆ. ಮನೆಗೆ ಬಂದು ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಕತ್ತರಿಸಿ ನೋಡಿದೆ. ತಪ್ಪು ನನ್ನದೇ. ಇವತ್ತು ಹೋಗಿ ಹಾಗೆಂದೇ ಹೇಳಿದೆ.

ಮಾಸ್ಟರ್ ಕನ್ನಡಕ ಏರಿಸಿದರು. "ಸ್ಕೂಲ್ ಬೆಂಚಲ್ಲಿ ಕೂರಲಾಗದೆ ಓಡಿಬಂದವಳು, ನನ್ನ ಸ್ಟೂಲ್ ಮೇಲೆ ಕೂರ್ತೀಯಾ?"

"ಕೂರ್ತೀನಿಂಗ." ಆ ಸ್ಟೂಲ್ ಅವರ ಹತ್ತಿರ ಕೆಲಸ ಕಲಿಯುವವರದು.

"ಆಡಿ ಮುಡಿಯಟ್ಟುಂ ಅಮ್ಮಣಿ. ಆವಣಿ ಒಂದು, ವಾ."

ಆಡಿ, ಅಂದರೆ ಆಷಾಢ, ಆ ತಿಂಗಳಲ್ಲಿ ಯಾರೂ ಏನನ್ನೂ ಶುರು ಮಾಡುವುದಿಲ್ಲ. ಅದು ಮುಗಿದು ಆವಣಿ ಮೊದಲ ದಿನದವರೆಗೆ ಕಾಯಬೇಕು. ಶಾಲೆ ಬಿಟ್ಟ ಮೇಲೆ ಇಷ್ಟೊಂದು ಏನನ್ನೂ ಬಯಸಿಲ್ಲ. ಶಾಲೆಯಲ್ಲಿದ್ದಾಗಲೂ ಇಲ್ಲ.

ಜೂನ್ 22, ಶನಿವಾರ

ಬಸ್ಸಿನಲ್ಲೇ ಕುಸಿದೆ. ಸಾಯುತ್ತಿದ್ದೇನೆ ಎಂದೇ ಅನ್ನಿಸಿತು. ಆಸ್ಪತ್ರೆಯಲ್ಲಿ ಇಸಿಜಿ. ಹೃದಯ ಚೆನ್ನಾಗಿದೆಯಂತೆ.

ಅಮ್ಮ ಮಾರಿಯಮ್ಮನ ವಿಭೂತಿ ತಂದು ಹಣೆಗೆ, ನಾಲಿಗೆಗೆ ಹಚ್ಚಿದಳು. "ಯಾರ ಕಣ್ಣೋ ಸಾಮೀ." ಅಪ್ಪ ಮಗ್ಗ ನಿಲ್ಲಿಸದೆ ಕೇಳಿದರು, "ಸೋಮವಾರ ಕಂಪನಿ ವೇಲೆಗೆ ಹೋಗ್ತಾಳಾ?"

ವಿಭೂತಿ ಬೇಡ ಅನ್ನಲಿಲ್ಲ. ಆದರೆ ಸಂಜೆ ಇಲಕ್ಕಿಯಾ ಜೊತೆ ತಲೆ ಡಾಕ್ಟರ ಹತ್ತಿರವೂ ಹೋದೆ. ಹೆಂಗಸು. ಮೆತ್ತಗೆ ಮಾತಾಡುತ್ತಾರೆ. ಇದು ಭಯದ ಕಾಯಿಲೆ, ಸಾವಿರ ಜನಕ್ಕಿದೆ ಎಂದರು. ಮಾತ್ರೆ ಬರೆದರು. "ನೀನಾಗಿ ನಿಲ್ಲಿಸಬೇಡಮ್ಮ." ಆವಣಿಯ ಒಳಗೆ ಸರಿಹೋಗಬೇಕು ಎಂದೆ. ಮಾಸ್ಟರ್ ಟೇಬಲ್‌ಗೆ ಬೆಳಿಗ್ಗೆ ತಡವಾಗಿ ಹೋದರೆ ಆಗದು. ಅದಕ್ಕೇ ನುಂಗುತ್ತಿದ್ದೇನೆ.

ಈ ನೋಟ್‌ಬುಕ್ ಟಿವಿ ಮೇಲೇ ಇರುತ್ತೆ. ಊರು ತಮಿಳಿನದಾದರೂ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ. ಅಜ್ಜಿ ಹೋದ ಮೇಲೆ ಈ ಅಕ್ಷರ ಓದಲು ಬರುವುದು ನನಗೊಬ್ಬಳಿಗೇ.

ಜುಲೈ 14, ಭಾನುವಾರ

ಮಾತ್ರೆಯಿಂದ ಮೊದಲು ಬರೀ ಆಕಳಿಕೆ, ಬಾಯಿ ಒಣಗುವುದು. ಈಗ ಅದೂ ಇಲ್ಲ. ಈ ವಾರವಿಡೀ ಕಂಪನಿ ಬಾಗಿಲವರೆಗೆ ಬಸ್ಸಿನಲ್ಲೇ! ಕಿಟಕಿ ಸೀಟು. ಕಡಲೆಕಾಯಿ ತಿಂದೆ. ಇಲಕ್ಕಿಯಾ ನನ್ನ ಭುಜದ ಮೇಲೆ ನಿದ್ದೆ ಹೋದಳು, ಜೊಲ್ಲು ಸುರಿಸಿದಳು. ಉಸಿರು ಇಷ್ಟು ಸಲೀಸು ಅಂತ ಗೊತ್ತೇ ಇರಲಿಲ್ಲ. ನಿಜ ಹೇಳುತ್ತೇನೆ, ಅತ್ತುಬಿಟ್ಟೆ.

ಆಗಸ್ಟ್ 4, ಭಾನುವಾರ

ಬರೆಯಲು ಏನೂ ಇರಲಿಲ್ಲ.

ನಿನ್ನೆ ಆಡಿ ಹದಿನೆಂಟರ ಹಬ್ಬ. ಅಮ್ಮ ಚಿತ್ರಾನ್ನ ಮಾಡಿದ್ದಳು. ಹೇಗಿದೆ ಅಂದಳು. ಪರವಾಗಿಲ್ಲ ಅಂದೆ. ಮೊದಲಾಗಿದ್ದರೆ ಉಪ್ಪಿಗೋ ಹುಳಿಗೋ ಜಗಳ ತೆಗೆಯುತ್ತಿದ್ದೆ. ಅಮ್ಮ ನನ್ನ ಗಲ್ಲ ಹಿಡಿದಳು. "ಈಗ ತಾನೇ ಮನೇಲಿ ನಿಮ್ಮದಿ. ಮುಖ ನೋಡು, ಬೊಂಬೆ ಹಾಗೈತೆ."

ಡಾಕ್ಟರ್ ಹತ್ತಿರವೂ ಹೋಗಿ ಬಂದೆ. ಹೇಗಿದ್ದೀಯಾ ಎಂದು ಕೇಳಿದರು. "ಎಪ್ಪಡಿ ಇರುಕ್ಕೆ?"

"ಪರವಾಯಿಲ್ಲೀಂಗ."

ಸಂತೋಷದಿಂದ ಏನೋ ಬರೆದುಕೊಂಡರು. ಅದೇ ಮಾತ್ರೆ, ಅದೇ ಅಳತೆ.

ಆಗಸ್ಟ್ 17, ಶನಿವಾರ

ಆವಣಿ ಒಂದು. ಸ್ಟೂಲ್ ಮೇಲೆ ಕೂತೆ. ಮಾಸ್ಟರ್ ಕತ್ತರಿಗೆ ಕುಂಕುಮ ಇಟ್ಟು ಕೈಗೆ ಕೊಟ್ಟರು. ಭಾರ ಇತ್ತು. ಅಷ್ಟೇ. ಬೇರೇನೂ ಅನ್ನಿಸಲಿಲ್ಲ. ನಾಳೆ ಅನ್ನಿಸಬಹುದು.

ಆಗಸ್ಟ್ 30, ಶುಕ್ರವಾರ

ತೋಳಿನ ರಟ್ಟು ಕತ್ತರಿಸಿದೆ. ಎಡ ಬಲ ಹೊಂದಲಿಲ್ಲ. ಮಾಸ್ಟರ್ ಒಂದರ ಮೇಲೊಂದು ಇಟ್ಟು ತೋರಿಸಿದರು. ಕಾಲಿಂಚು ವ್ಯತ್ಯಾಸ.

"ಪರವಾಯಿಲ್ಲೀಂಗ, ಹೊಲಿಯೋವಾಗ ಎಳ್ಕೊಳ್ತಾರೆ" ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಇಣುಕಿ ನನ್ನ ಮುಖ ನೋಡಿದರು, ಬಾವಿಗೆ ಬಿದ್ದದ್ದನ್ನು ಹುಡುಕುವ ಹಾಗೆ.

"ಜೂನ್‌ನಲ್ಲಿ ನನ್ನ ಕೂಡ ಜಗಳ ಆಡಿದ ಪಿಳ್ಳೆ ಎಲ್ಲಿ ಅಮ್ಮಣಿ?"

ನನಗೂ ಗೊತ್ತಿಲ್ಲ.

"ಈ ಟೇಬಲ್ ಮೇಲೆ ಪರವಾಯಿಲ್ಲೆ ಅನ್ನೋ ಮಾತು ನಡೆಯೋಲ್ಲ. ಚೆಕಿಂಗ್‌ಗೆ ಹೋಗು. ನಾಳೆಯಿಂದ ಈ ಸ್ಟೂಲ್‌ಗೆ ರಾಜ್‌ಕುಮಾರ್ ಬರ್ತಾನೆ."

ಹೋದೆ. ಇಲಕ್ಕಿಯಾ ನನ್ನ ಪರವಾಗಿ ಬಾತ್‌ರೂಮಿನಲ್ಲಿ ಅತ್ತಳು. ನಾನು ಬಾಗಿಲ ಹೊರಗೆ ನಿಂತು ಅವಳ ಬ್ಯಾಗ್ ಹಿಡಿದುಕೊಂಡಿದ್ದೆ.

ಸೆಪ್ಟೆಂಬರ್ 9, ಸೋಮವಾರ

ಅವಮಾನ ಆಗಬೇಕಿತ್ತು. ಆಗಲಿಲ್ಲ. ಅದು ಆಗಲಿಲ್ಲವಲ್ಲ ಎಂದು ಹೆದರಬೇಕಿತ್ತು. ಹೆದರಿಕೆಗೇ ಮಾತ್ರೆ ತಿನ್ನುತ್ತಿದ್ದೇನೆ.

ಶನಿವಾರ ಮಾತ್ರೆ ಬಿಟ್ಟೆ. ನಿನ್ನೆಯೂ. ತಲೆಯೊಳಗೆ ಸಣ್ಣ ಸಣ್ಣ ಕರೆಂಟ್ ಹೊಡೆದ ಹಾಗೆ, ನಿಂತರೆ ನೆಲ ತೂಗುತ್ತೆ. ಇಲಕ್ಕಿಯಾಗೆ ಹೇಳಿದೆ. "ಲೂಸು! ಡಾಕ್ಟರ್ ಏನಂದ್ರು? ಮೊದಲು ಫೋನ್ ಮಾಡು." ಮಾಡಿದೆ. ಮತ್ತೆ ಶುರು ಮಾಡು, ಬಂದು ನೋಡು ಎಂದರು.

ಅಮ್ಮನಿಗೂ ಹೇಳಿದೆ. ಸುಳ್ಳು ಹೇಳಲು ಬರದು, ಮೊದಲಿಂದಲೂ.

"ಚೆನ್ನಾಗಿರೋದನ್ನ ಏಕೆ ಕೆಡಿಸ್ತೀಯೆ?"

"ಚೆನ್ನಾಗಿಲ್ಲ ಅಮ್ಮ. ಏನೂ ಬೇಕನ್ನಿಸಲ್ಲ."

"ಏನೂ ಬೇಡ ಅಂದ್ರೆ ಅದೇ ತಾನೇ ನಿಮ್ಮದಿ? ನಿನ್ನ ಅಪ್ಪನಿಗೆ ಏನು ಬೇಕನ್ನಿಸುತ್ತೆ? ನನಗೆ ಏನು ಬೇಕನ್ನಿಸುತ್ತೆ?"

ಹೇಳಿಬಿಟ್ಟು ಎದ್ದು ಅನ್ನಕ್ಕೆ ಇಟ್ಟಳು.

ಸೆಪ್ಟೆಂಬರ್ 21, ಶನಿವಾರ

"ಎಪ್ಪಡಿ ಇರುಕ್ಕೆ?" ಎಂದರು ಡಾಕ್ಟರ್. ಅದೇ ಮಾತು ಬಾಯಿಗೆ ಬಂತು. ನುಂಗಿದೆ.

"ಮೇಡಂ, ಹೋದ ಸಲ ಪರವಾಯಿಲ್ಲೆ ಅಂದೆ. ನೀವು ವಾಸಿಯಾಯ್ತು ಅಂತ ತಿಳಿದ್ರಿ. ನಾನು ಹೇಳಿದ್ದು, ಎಲ್ಲಾ ಒಂದೇ ಅಂತ. ಮನೆ ಸುಟ್ಟರೂ ಪರವಾಯಿಲ್ಲೆ ಅಂತ."

ಪೆನ್ ಕೆಳಗಿಟ್ಟರು. ಸ್ಟೂಲ್ ಹೋದದ್ದು ಹೇಳಿದೆ. ಪೂರ್ತಿ ಕೇಳಿದರು. ಕೆಲವರಿಗೆ ಹೀಗಾಗುತ್ತದೆ, ನಾನೇ ಕೆದಕಿ ಕೇಳಬೇಕಿತ್ತು ಎಂದರು. ಡಾಕ್ಟರ್ ಹಾಗೆನ್ನುವುದನ್ನು ಮೊದಲ ಸಲ ಕೇಳಿದ್ದು. ಮಾತ್ರೆ ಮೆಲ್ಲಗೆ ಇಳಿಸೋಣ, ಬೇಕಾದರೆ ಬೇರೆಯದು ನೋಡೋಣ ಎಂದರು. "ಭಯ ತಿರುಗಿ ಬಂದರೆ?"

"ಬರಲಿ ಮೇಡಂ" ಅಂದೆ. ಧೈರ್ಯದಿಂದ ಅಲ್ಲ. ಆ ಹೊತ್ತಿಗೆ ಅದೂ ಪರವಾಗಿಲ್ಲ ಅನ್ನಿಸಿತ್ತು.

ಅಕ್ಟೋಬರ್ 19, ಶನಿವಾರ

ಭಯ ಬಂತು. ಅದೇ ಮೊದಲು ಬಂತು. ಬಸ್ಸಿನಲ್ಲಿ ಕಂಬಿ ಗಟ್ಟಿಯಾಗಿ ಹಿಡಿದೆ. ಇಳಿಯಲಿಲ್ಲ. ಇಲಕ್ಕಿಯಾ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಏನೇನೋ ಸಿನಿಮಾ ಕಥೆ ಹೇಳಿದಳು, ತಪ್ಪು ತಪ್ಪಾಗಿ.

ಆಸೆ? ಇಲ್ಲ. ಎರಡೂ ಒಂದೇ ಬಾಗಿಲಿಂದ ಹೋದವು ಎಂದುಕೊಂಡಿದ್ದೆ. ಒಂದಕ್ಕೆ ಮಾತ್ರ ದಾರಿ ನೆನಪಿದೆ. ಇನ್ನೊಂದು ಬರದೇ ಇದ್ದರೆ ಬರೀ ಭಯದ ಜೊತೆ ಬದುಕಬೇಕು... ಇದನ್ನು ಅಮ್ಮನಿಗೆ ಹೇಳಲಿಲ್ಲ. ಅವಳು ಕೇಳಲಿಲ್ಲ, ಅದಕ್ಕೇ. ಕೇಳಿದ್ದರೆ ಹೇಳುತ್ತಿದ್ದೆ.

ಅಕ್ಟೋಬರ್ 22, ಮಂಗಳವಾರ, ಊಟದ ಹೊತ್ತು

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಟೇಬಲ್ ಕಾಣುತ್ತೆ. ದೀಪಾವಳಿ ಸ್ಯಾಂಪಲ್, ಅವಸರ. ಮಾಸ್ಟರ್ ಇಲ್ಲ. ರಾಜ್‌ಕುಮಾರ್ ಒಬ್ಬನೇ ಸ್ಟೂಲ್ ಮೇಲೆ, ನಾಲಿಗೆ ಹೊರಗೆ ಹಾಕಿ ರಟ್ಟು ಕತ್ತರಿಸುತ್ತಿದ್ದಾನೆ. ಒಳ್ಳೆಯ ಹುಡುಗ. ನಿನ್ನೆ ನನಗೆ ಬೋಂಡಾ ಕೊಟ್ಟ. ಕೆಲಸವೂ ನೇರ. ಭುಜದ ತಿರುವಿನಲ್ಲಿ ಕತ್ತರಿ ನಿಲ್ಲಿಸದೆ ತಿರುಗಿಸಿದ. ಎಷ್ಟು ಚೆಂದ ತಿರುಗಿಸಿದ.

ಹಾಳಾಗಿ ಹೋಗಲಿ ಅವನ ಕೈ, ಅನ್ನಿಸಿತು.

ತಡಿ.

ನನಗೆ ಏನೋ ಅನ್ನಿಸಿತಾ? ಮತ್ತೆ ನೋಡಿದೆ. ಅವನು ಇನ್ನೊಂದು ರಟ್ಟು ತೆಗೆದುಕೊಂಡ. ಹೊಟ್ಟೆಯಲ್ಲಿ, ಹೊಕ್ಕುಳ ಮೇಲೆ, ಸಣ್ಣಗೆ ಉರಿಯುತ್ತಿದೆ. ಕೆಟ್ಟದ್ದು. ಗೊತ್ತು. ಬೋಂಡಾ ಕೊಟ್ಟವನ ಮೇಲೆ. ಆದರೂ ಉರಿಯುತ್ತಿದೆ, ಸುಳ್ಳಲ್ಲ, ಆ ಸ್ಟೂಲ್ ನನ್ನ—