ಬದಿಯಿಂದ ತೆಗೆದ ಚಿತ್ರ

ಫೆಬ್ರವರಿ 9, ಮಧ್ಯಾಹ್ನ

ಇವತ್ತೂ ಗಾಳಿ. ಇಂಥ ದಿನ ಕ್ರೇನ್ ಮೇಲೆ ಇರಬೇಕಿತ್ತು. ಮಂಚದ ಮೇಲೆ ಕೂತಿದ್ದೇನೆ. ಎಡಗೈ ಮಡಿಲಲ್ಲಿ. ಸದ್ಯ, ಬರೆಯುವುದು ಬಲಗೈ.

ಬೆಳಗಿನ ಜಾವ ನಿದ್ದೆಯಲ್ಲಿ ಮಂಚದಿಂದ ಬಿದ್ದೆನಂತೆ. ಹೆಂಡತಿ ಹೇಳಿದ್ದು. ನನಗೆ ಏನೂ ನೆನಪಿಲ್ಲ. ಎಚ್ಚರವಾದಾಗ ಭುಜ ಕಿತ್ತು ಬರುವಂಥ ನೋವು. ನಾಲಿಗೆಯೂ ಕಚ್ಚಿಕೊಂಡಿದೆ, ಕಾಫಿ ಉರಿಯುತ್ತಿದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ. ಮುಂದಿನಿಂದ, ಒಂದೇ ಒಂದು. ಡ್ಯೂಟಿ ಡಾಕ್ಟರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ, ಹೊರಗೆ ಅಷ್ಟು ಜನ. ಮೂಳೆ ಮುರಿದಿಲ್ಲ, ಕೀಲೂ ಜಾಗದಲ್ಲೇ ಇದೆ, ಬರೀ ಏಟು ಎಂದರು. ಕೈಯನ್ನು ಕುತ್ತಿಗೆಗೆ ತೂಗುಹಾಕಿ, ನೋವಿನ ಮಾತ್ರೆ ಬರೆದು ಕಳಿಸಿದರು.

ಈ ವಯಸ್ಸಿನಲ್ಲಿ ಮಂಚದಿಂದ ಬೀಳುವುದೆಂದರೆ! ಹೆಂಡತಿಯ ತಮ್ಮ ಗುಬ್ಬಿಗೆ ಗೊತ್ತಾದರೆ ಬಂದರಿಗೆಲ್ಲ ಡಂಗುರ.

ಫೆಬ್ರವರಿ 12

ಗೊತ್ತಾಯಿತು. ಸಂಜೆ ಬಂದ. ಬಾಗಿಲಲ್ಲೇ ಶುರು — "ಏನ್ ಭಾವ, ಎಂಟು ಮಹಡಿ ಎತ್ತರದಲ್ಲಿ ಕೂತು ಬೀಳ್ದೋರು ಮಂಚದಿಂದ ಬಿದ್ರಾ?" ನಕ್ಕೆ. ನಕ್ಕರೆ ಭುಜ ಎಳೆಯುತ್ತದೆ. ಹೆಂಡತಿ ನಗಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದಳು.

ಗುಬ್ಬಿ ನನ್ನ ಕ್ರೇನಿನ ಕೆಳಗೇ ಕೆಲಸ ಮಾಡುವವನು. ನಾನು ಹಡಗಿನಿಂದ ಎತ್ತಿ ತಂದ ಕಂಟೇನರ್ ಎಲ್ಲಿ ಕೂರಬೇಕೆಂದು ಕೈ ಬೀಸಿ ತೋರಿಸುತ್ತಾನೆ. ಮೇಲಿಂದ ನೋಡಿದರೆ ಹಳದಿ ಹೆಲ್ಮೆಟ್ಟಿನ ಒಂದು ಗುಬ್ಬಿ, ಅಷ್ಟೆ.

ಅವನು ಹೋದ ಮೇಲೆ ಕನ್ನಡಿ ಮುಂದೆ ನಿಂತೆ. ಮೊಣಕೈ ಮಡಚಿ ಎರಡೂ ಕೈ ಹೊರಕ್ಕೆ ತಿರುಗಿಸಿದೆ. ಬಲಗೈ ಹೋಯಿತು. ಎಡಗೈ ಹೊಟ್ಟೆಗೆ ಅಂಟಿಸಿದ ಹಾಗೆ... ಕದಲಲಿಲ್ಲ. ಬರೀ ಏಟಾದರೆ ಹೀಗೆ ಬೀಗ ಹಾಕಿದಂತಾಗುತ್ತದೆಯೇ?

ಫೆಬ್ರವರಿ 15, ಸಂಜೆ

ಆಸ್ಪತ್ರೆ ವಾರ್ಡಿನಲ್ಲಿದ್ದೇನೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಮೂಳೆ ಡಾಕ್ಟರನ್ನು ನೋಡಿದೆವು. ವಯಸ್ಸಾದವರು, ಮೆಲುದನಿ. ಕೈ ಹಿಡಿದು ಹೊರಕ್ಕೆ ತಿರುಗಿಸಲು ನೋಡಿದರು. ಅಲ್ಲಿಗೇ ಬಿಟ್ಟರು. ಹಳೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಇದೊಂದು ಸಾಲದು, ಬದಿಯಿಂದಲೂ ಬೇಕು, ಕಂಕುಳಿನಿಂದಲೂ ಬೇಕು ಎಂದರು.

ಎಕ್ಸ್‌ರೇ ತೆಗೆಯುವಾಕೆ ಗೋಡೆಗೆ ಓರೆಯಾಗಿ ನಿಲ್ಲಿಸಿದಳು. ಉಸಿರು ಹಿಡೀರಿ. ಆಯಿತು. ಎರಡನೆಯದಕ್ಕೆ ಕೈಯನ್ನು ಮೈಯಿಂದ ಒಂದಿಷ್ಟು ದೂರ ಸರಿಸಬೇಕು. ತಾನೇ ಮೊಣಕೈಗೆ ಅಂಗೈ ಕೊಟ್ಟು, ಎಲ್ಲಿವರೆಗೆ ಆಗುತ್ತೋ ಅಲ್ಲಿವರೆಗೆ ಸಾಕು ಎಂದಳು. ಹಲ್ಲು ಕಚ್ಚಿದೆ. ಕಣ್ಣು ಕತ್ತಲಿಟ್ಟಿತು.

ಡಾಕ್ಟರು ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮುಂದಿನಿಂದ ತೆಗೆದದ್ದರಲ್ಲಿ ತೋಳಿನ ಮೂಳೆಯ ಗುಂಡು ಗೂಡಿನ ಎದುರಿಗೇ ಇದೆ. ನನ್ನ ಕಣ್ಣಿಗೆ ಎಲ್ಲ ಸರಿ. ಬದಿಯಿಂದ ನೋಡಿದರೆ ಗೂಡು ಖಾಲಿ. ಗುಂಡು ಹಿಂದಕ್ಕೆ ಜಾರಿ ಕೂತಿದೆ. ಸಾಮಾನ್ಯವಾಗಿ ಭುಜ ಮುಂದಕ್ಕೆ ತಪ್ಪುತ್ತದಂತೆ, ಮೊದಲ ಚಿತ್ರದಲ್ಲೇ ಸಿಕ್ಕಿಬೀಳುತ್ತದಂತೆ. ಹಿಂದಕ್ಕೆ ತಪ್ಪುವುದು ಅಪರೂಪ. ಎಷ್ಟೋ ಸಲ ಹೀಗೆಯೇ ಕಣ್ಣು ತಪ್ಪಿಸುತ್ತದೆ.

ಹೀಗೆ ಹಿಂದಕ್ಕೆ ತಪ್ಪಬೇಕಾದರೆ ಮೈ ಬಲವಾಗಿ ಸೆಟೆದಿರಬೇಕು ಎಂದು, ಆಮೇಲೆ ಕೇಳಿದರು. ಕರೆಂಟ್ ಹೊಡೆದಿತ್ತಾ? ಇಲ್ಲ ಎಂದೆ. ಫಿಟ್ಸ್ ಏನಾದರೂ? ಇಲ್ಲ ಡಾಕ್ಟ್ರೇ, ಮಂಚದಿಂದ ಬಿದ್ದೆ.

ಹೆಂಡತಿ ಕೈಚೀಲದ ಜಿಪ್ ಎಳೆಯುತ್ತಿದ್ದವಳು ನಿಲ್ಲಿಸಿದಳು.

"ಬಿದ್ದಿಲ್ಲ. ಮಂಚದ ಮೇಲೇ ಇದ್ರು. ಮೈಯೆಲ್ಲ ಸೆಟೆದುಕೊಂಡು ಅದುರ್ತಿತ್ತು. ಬಾಯಲ್ಲಿ ರಕ್ತ. ಇದು ಎರಡನೇ ಸಲ."

ನಿನಗೇನೋ ಕನಸು ಬಿದ್ದಿರಬೇಕು ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. ನಾನು ಬಾಯಿ ಬಿಡುವ ಮುಂಚೆ ಅದನ್ನೂ ಅವಳೇ ಹೇಳಿದಳು.

ಫೆಬ್ರವರಿ 17

ನಿನ್ನೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿದರು. ಎಳೆಯುವ ಮುಂಚೆ ಇನ್ನೊಂದು ಸಲ ಚಿತ್ರಗಳನ್ನು ನೋಡಿದರಂತೆ — ಗುಂಡಿನ ಕೆಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಎಳೆದಾಗ ಮುರಿದೇಹೋಗುತ್ತದೆ. ಬಿರುಕಿರಲಿಲ್ಲ. ಗುಂಡಿನಲ್ಲಿ ಒಂದು ತಗ್ಗು ಬಿದ್ದಿದೆ, ಅಷ್ಟೆ. ಕೂರಿಸಿದ ಮೇಲೆ ಮತ್ತೆ ಮುಂದಿನಿಂದ, ಬದಿಯಿಂದ. ಗೂಡಿಗೆ ಬಂದಿದೆ.

ಹೆಂಡತಿ ಗಂಜಿ ತಂದಳು. ಗೋಡೆ ಕಡೆ ಮುಖ ಮಾಡಿದೆ. ಮೂಳೆ ಅದರ ಜಾಗಕ್ಕೆ ಬಂತು. ನನ್ನ ಜಾಗ ಹೋಯಿತು.

ಮಾರ್ಚ್ 11

ಬರೆಯಲು ಮನಸ್ಸೇ ಇರಲಿಲ್ಲ.

ತಲೆಯ ಡಾಕ್ಟರು, ಸ್ಕ್ಯಾನು, ಬೆಳಿಗ್ಗೆ ಸಂಜೆ ಫಿಟ್ಸಿನ ಮಾತ್ರೆ. ಮಾತ್ರೆಗೆ ನಾಲಿಗೆ ಮಂದ, ಬುದ್ಧಿಯೂ ಮಂದ. ಇನ್ನು ಮುಂದೆ ಎತ್ತರ ಬೇಡ, ಯಂತ್ರ ಬೇಡ ಎಂದಿದ್ದಾರೆ. ಯಾವತ್ತಾದರೂ? ಕೇಳಿದೆ. ನೋಡೋಣ ಎಂದರು. ಅವರ ನೋಡೋಣ ಎಂಥದೆಂದು ಅರ್ಥವಾಯಿತು.

ಇವತ್ತು ಸೂಪರ್‌ವೈಸರ್ ಕುರ್ಚಿ ಎಳೆದು ಕೂರಿಸಿದರು. ಸ್ಪೇರ್‌ಪಾರ್ಟ್ಸ್ ರೂಮಿನಲ್ಲಿ ಒಬ್ಬರು ಬೇಕು, ನೆರಳಲ್ಲಿ ಆರಾಮಾಗಿರಬಹುದು ಎಂದರು. ಬೈದಿದ್ದರೆ ವಾಸಿಯಿತ್ತು. ಹೊರಗೆ ಬಂದು ತಲೆ ಎತ್ತಿದೆ. ನನ್ನ ಕ್ಯಾಬಿನ್ನಿನಲ್ಲಿ ಯಾರದೋ ತಲೆ.

ಗುಬ್ಬಿ ಮನೆ ಕಡೆ ಸುಳಿದಿಲ್ಲ. ಕ್ರೇನ್ ಟ್ರೇನಿಂಗಿಗೆ ಅವನ ಹೆಸರು ಹೋಗಿದೆಯಂತೆ. ಬೇರೆಯವರು ಹೇಳಬೇಕಾಯಿತು.

ಮಾರ್ಚ್ 30

ತಡೆಯಲಾಗಲಿಲ್ಲ. ಅವಳು ಅಂಗಿಯ ತೋಳು ಏರಿಸುತ್ತಿದ್ದಳು — ಈಗಲೂ ಎಡತೋಳು ಅವಳೇ ಹಾಕಬೇಕು. ಕೇಳಿಯೇಬಿಟ್ಟೆ.

"ನಿನ್ನ ತಮ್ಮ ನನ್ನ ಕ್ರೇನ್ ಕೆಳಗಿದಾನೆ ಅಂತ ತಾನೆ ಅವತ್ತು ಡಾಕ್ಟ್ರ ಮುಂದೆ ಬಾಯಿ ಬಿಟ್ಟೆ?"

ಗುಂಡಿ ಹಾಕುವ ಕೈ ನಿಂತಿತು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಮೊದಲ್ನೇ ಸಲ ಫಿಟ್ಸ್ ಬಂದಾಗ್ಲೂ ಅವನು ಕ್ರೇನ್ ಕೆಳಗೇ ಕೆಲಸ ಮಾಡ್ತಿದ್ದ ಕಣ್ರೀ. ನಿಮ್ಮ ಸೀಟು ಹೋಗ್ಬಾರ್ದು ಅಂತ ಸುಮ್ನಿದ್ದೆ. ಯಾರಿಗೂ ಹೇಳ್ಲಿಲ್ಲ, ನಿಮಗೂ ಹೇಳ್ಲಿಲ್ಲ. ದಿನಾ ಸಂಜೆ ಅವನು ಮನೆ ಸೇರ್ದ ಅಂತ ಗೊತ್ತಾಗೋವರ್ಗೂ ತುತ್ತು ಇಳೀತಿರ್ಲಿಲ್ಲ. ನನ್ನ ತಮ್ಮನ್ನ ಪಣಕ್ಕಿಟ್ಟೆ ನಾನು, ನಿಮಗೋಸ್ಕರ. ಎರಡನೇ ಸಲಾನೂ ಬಿದ್ರಿ ಅಂತ ಸುಳ್ಳು ಹೇಳ್ದೆ. ಡಾಕ್ಟ್ರು ಕೇಳ್ದಾಗ ಇನ್ನು ಆಗ್ಲಿಲ್ಲ."

ಉಳಿದ ಗುಂಡಿಗಳನ್ನು ಹಾಕಿ ಒಳಗೆ ಹೋದಳು.

ಕೆಳಗಿದ್ದವರ ತಲೆಯ ಮೇಲೆ ನಾನು ಎಷ್ಟು ಕಂಟೇನರ್ ತೂಗಿಸಿಕೊಂಡು ಹೋಗಿದ್ದೆ... ಅಷ್ಟು ದಿನವೂ ಈ ಅಡುಗೆಮನೆಯಲ್ಲಿ ಒಬ್ಬಳು ಉಸಿರು ಹಿಡಿದು ನಿಂತಿದ್ದಳು. ನನಗೆ ತಿಳಿಯಲೇ ಇಲ್ಲ.

ಏಪ್ರಿಲ್ 2

ಸ್ಪೇರ್‌ಪಾರ್ಟ್ಸ್ ರೂಮು. ಗ್ರೀಸಿನ ವಾಸನೆ. ಕಿಟಕಿಯಿಂದ ಕ್ರೇನಿನ ಕಾಲುಗಳು ಮಾತ್ರ ಕಾಣುತ್ತವೆ. ಕೈ ಭುಜದ ಮಟ್ಟಕ್ಕೂ ಏಳುತ್ತಿಲ್ಲ, ಮೇಲಿನ ಶೆಲ್ಫಿಗೆ ಸ್ಟೂಲು ಬೇಕು. ಸ್ಟೂಲು ಹತ್ತಬೇಡಿ ಎನ್ನುತ್ತಾರೆ.

ಮನೆಯಲ್ಲಿ ಮಾತು ಶುರುವಾಗಿದೆ. ಉಪ್ಪು ಸಾಕಾ, ಮಾತ್ರೆ ಆಯ್ತಾ. ಅಷ್ಟರ ಮಟ್ಟಿಗೆ.

ಏಪ್ರಿಲ್ 21, ಭಾನುವಾರ

ಗುಬ್ಬಿ ಬಂದಿದ್ದ. ಚಪ್ಪಲಿ ಬಿಟ್ಟು ಅಲ್ಲೇ ನಿಂತ. ತಮಾಷೆಯಿಲ್ಲ, ಏನಿಲ್ಲ. ಟ್ರೇನಿಂಗ್ ಮುಗಿಯಿತಂತೆ. ನಾಳೆಯಿಂದ ನನ್ನ ಕ್ರೇನು.

"ನೀವು ಬೇಡ ಅಂದ್ರೆ ಹತ್ತಲ್ಲ ಭಾವ."

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ, ಚೆನ್ನಾಗಿಯೇ ಉರಿಯಿತು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತದ್ದು ಕೇಳಿಸಿತು.

ಹತ್ತು ಎಂದೆ.

ಅವನು ಕೂತ. ಟ್ರೇನಿಂಗಿನಲ್ಲಿ ಗಾಳಿಯ ದಿನ ಸಿಗಲೇ ಇಲ್ಲವಂತೆ. ಗಾಳಿಗೆ ಹೊರೆ ತೂಗಾಡಿದರೆ ಏನು ಮಾಡ್ತಿದ್ರಿ ಭಾವ ಎಂದು ಕೇಳಿದ. ಹೇಳಲು ಹೋದೆ. ಕೈ ಎತ್ತಿ ತೋರಿಸದೆ ನನಗೆ ಹೇಳಲು ಬರದು. ಕೈ ಅರ್ಧಕ್ಕೇ ನಿಂತಿತು. ಅವನು ಬೇರೆಡೆ ನೋಡಿದ. ಬರೆದುಕೊಡ್ತೀನಿ, ಬೆಳಿಗ್ಗೆ ಹೋಗುವಾಗ ತಗೊಂಡು ಹೋಗು ಎಂದೆ.

ಬೇರೆ ಹಾಳೆ ತೆಗೆಯುವ ಮುಂಚೆ ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಹೊರೆ ತೂಗಾಡಿದಾಗ ಗಾಬರಿಯಿಂದ ಹಿಂದಕ್ಕೆ ಎಳೆಯಬೇಡ. ಎಳೆದಷ್ಟೂ ಜಾಸ್ತಿ ತೂಗುತ್ತದೆ. ಅದು ಎತ್ತ ಹೋಗುತ್ತದೋ ಕ್ಯಾಬಿನ್ ಸಮೇತ ನೀನೂ ಅತ್ತಲೇ ಹೋಗು. ಆ ತುದಿ ಮುಟ್ಟಿ ಇನ್ನೇನು ಹಿಂದಿರುಗಬೇಕು ಎನ್ನುವಾಗ ನೀನು ಸರಿಯಾಗಿ ಅದರ ನೆತ್ತಿಯ ಮೇಲೆ ಇರಬೇಕು. ಆಗ ತಾನಾಗಿಯೇ ನಿಲ್ಲುತ್ತದೆ. ಕಣ್ಣು ಹೊರೆಯ ಮೇಲಿರಲಿ, ಆದರೆ ಕೆಳಗೆ ಯಾರಿದ್ದಾರೆ ಎಂದು ಮೊದಲು ನೋಡಿಕೋ.